ಅಜ್ಜಿಗೆ ಹೊಡೆಯದ ಗಂಟೆ

ನಾನು ಚಿಕ್ಕವಳಿದ್ದಾಗ ನಮ್ಮೂರ ಚರ್ಚಿನ ಗಂಟೆಯನ್ನು ನೋಡಿಕೊಳ್ಳುವ ಕೆಲಸ ಅಪ್ಪನದಾಗಿತ್ತು, ಮಕ್ಕಳೇ. ಮಧುಗಿರಿಯಿಂದ ಬಡವನಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ, ಹುಣಸೆ ಮರಗಳ ನಡುವೆ ಇದ್ದ ಪುಟ್ಟ ಚರ್ಚು ಅದು. ಬಾಗಿಲಿನ ನೆತ್ತಿಯ ಮೇಲೆಯೇ ಕಲ್ಲಿನ ಗೋಪುರ. ಗೋಪುರದೊಳಗೆ ಅಡ್ಡಲಾಗಿ ಒಂದು ಮರದ ತೊಲೆ, ಆ ತೊಲೆಗೆ ಕಬ್ಬಿಣದ ಪಟ್ಟಿಗಳಿಂದ ಬಿಗಿದ ಕಂಚಿನ ಗಂಟೆ. ಅದರ ಹಗ್ಗ ಬಾಗಿಲ ಪಕ್ಕಕ್ಕೆ ಇಳಿದಿತ್ತು. ಭಾನುವಾರದ ಪ್ರಾರ್ಥನೆಗೆ ಕರೆಯುವಾಗ ಅಪ್ಪ ಬೇಗ ಬೇಗ ಎಳೆಯುತ್ತಿದ್ದ. ಯಾರಾದರೂ ತೀರಿಕೊಂಡರೆ ಒಂದೊಂದೇ ಪೆಟ್ಟು. ಒಂದರ ದನಿ ಪೂರ್ತಿ ಕರಗಿದ ಮೇಲೆ ಇನ್ನೊಂದು. ಅದನ್ನು ಕೇಳಿ ಹೊಲಗಳಲ್ಲಿದ್ದವರು ಕೆಲಸ ಬಿಟ್ಟು ಬರುತ್ತಿದ್ದರು. ಹಣೆಗೆ ವಿಭೂತಿ ಇಟ್ಟವರೂ ಬರುತ್ತಿದ್ದರು. ಸಾವಿನ ಸುದ್ದಿ ನಮ್ಮಲ್ಲಿ ಹರಡುತ್ತಿದ್ದದ್ದೇ ಹಾಗೆ.

ಆ ವರ್ಷ ಹುಣಸೆಹಣ್ಣು ಬಡಿಯುವ ಕಾಲಕ್ಕೆ ಅಜ್ಜಿ, ಅಂದರೆ ಅಪ್ಪನ ತಾಯಿ, ಹಾಸಿಗೆ ಹಿಡಿದಳು. ಒಂದು ಬೆಳಿಗ್ಗೆ ಅವಳ ಉಸಿರಿನ ಸದ್ದು ಬದಲಾಯಿತು. ಒಣಗಿದ ಎಲೆಗಳ ಮೇಲೆ ಯಾರೋ ಕಾಲೆಳೆದುಕೊಂಡು ನಡೆದಂತಿತ್ತು. ಅಪ್ಪ ಸ್ವಲ್ಪ ಹೊತ್ತು ಅವಳ ಪಕ್ಕ ಕುಳಿತಿದ್ದು, ಎದ್ದು ಎಣ್ಣೆಯ ಡಬ್ಬಿ, ಸುತ್ತಿಗೆ, ಉಳಿ ತೆಗೆದುಕೊಂಡ.

"ಎಲ್ಲಿಗಪ್ಪ?" ಎಂದು ಕೇಳಿದೆ.

"ಗಂಟೆ ನೋಡ್ಕೊಂಡ್ ಬತ್ತೀನಿ," ಎಂದ.

ಮೂಲೆಯಲ್ಲಿ ನಿಂತಿದ್ದ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ಅಪ್ಪ ಯಾಕೆ ಅವತ್ತೇ ಗಂಟೆ ನೋಡಲು ಹೊರಟನೆಂದು ಅವಳಿಗೆ ಅರ್ಥವಾಗಿತ್ತು. ನನಗೆ ಆಗಿರಲಿಲ್ಲ. ನಾನು ಅಪ್ಪನ ಹಿಂದೆ ಓಡಿದೆ.

ಗೋಪುರದ ಒಳಗೆ ಪಾರಿವಾಳಗಳ ಹಿಕ್ಕೆಯ ಘಾಟು ವಾಸನೆ. ಏಣಿ ಹತ್ತಿದರೆ ಕಿಂಡಿಯಿಂದ ಮಧುಗಿರಿ ಬೆಟ್ಟ ಬಿಸಿಲಲ್ಲಿ ಹೊಳೆಯುವುದು ಕಾಣುತ್ತಿತ್ತು. ಅಪ್ಪ ಮೊದಲು ಗಂಟೆಯ ಅಂಚನ್ನು ಬೆರಳಿನಿಂದ ಸವರಿ ಎಲ್ಲೂ ಬಿರುಕಿಲ್ಲವೆಂದು ನೋಡಿಕೊಂಡ. ಒಳಗೆ ತೂಗುವ ನಾಲಿಗೆಯನ್ನು ಅಲ್ಲಾಡಿಸಿ, ಅದನ್ನು ಹಿಡಿದಿದ್ದ ಚರ್ಮದ ಪಟ್ಟಿಗೆ ಎಣ್ಣೆ ಹಚ್ಚಿದ. ಹಗ್ಗವನ್ನು ಗೇಣು ಗೇಣಾಗಿ ಎಳೆದು ಪರೀಕ್ಷಿಸಿದ. ಕೊನೆಗೆ ತೊಲೆಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದ. ನಡುವೆ ಗಟ್ಟಿ ಸದ್ದು. ಗೋಡೆಯ ಹತ್ತಿರ ಬಂದಾಗ ಖಾಲಿ ಡಬ್ಬ ಬಡಿದಂತಹ ಸದ್ದು. ಅಪ್ಪ ಉಳಿಯನ್ನು ಒತ್ತಿದ. ಅದು ರಾಗಿಮುದ್ದೆಗೆ ಬೆರಳು ಇಳಿದಂತೆ ಒಳಗೆ ಇಳಿಯಿತು. ಹೊರಗೆಳೆದರೆ ಮಣ್ಣಿನಂಥ ಪುಡಿ ಸುರಿಯಿತು.

"ಗೆದ್ದಲು," ಎಂದ ಅಪ್ಪ. ಅಲ್ಲೇ ಹಲಗೆಯ ಮೇಲೆ ಕುಳಿತುಬಿಟ್ಟ. ಅವನ ಮುಖ ಅಷ್ಟು ಬಿಳಿಚಿಕೊಂಡದ್ದನ್ನು ನಾನು ಎಂದೂ ನೋಡಿರಲಿಲ್ಲ. ಇಳಿದು ಬಂದವನು ಹಗ್ಗವನ್ನು ಯಾರ ಕೈಗೂ ಸುಲಭವಾಗಿ ಎಟುಕದ ಹಾಗೆ ಎತ್ತರದ ಮೊಳೆಗೆ ಸುತ್ತಿ ಕಟ್ಟಿದ.

ಮನೆಗೆ ಬಂದಾಗ ಅಜ್ಜಿಗೆ ಎಚ್ಚರವಿತ್ತು. ಅಪ್ಪನ ಕೈಯಲ್ಲಿದ್ದ ಸುತ್ತಿಗೆ ನೋಡಿದಳು. ಅವಳಿಗೆ ಎಲ್ಲ ತಿಳಿಯುತ್ತಿತ್ತು.

"ಗಂಟೆ ಹೆಂಗೈತೆ ಮಗ?"

ಅಪ್ಪ ಅವಳ ಪಾದ ಒತ್ತುತ್ತ, "ಚೆನ್ನಾಗೈತೆ ಕಣವ್ವ," ಎಂದ.

ನಾನು ಅಪ್ಪನನ್ನೇ ನೋಡಿದೆ. ಅವನು ನನ್ನ ಕಡೆ ತಿರುಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಜ್ಜಿ ಹೋಗಿಬಿಟ್ಟಳು.

ಶಿರಾದಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ ಚಿಕ್ಕಪ್ಪ ಸುದ್ದಿ ತಿಳಿದು ಸಂಜೆಯ ಬಸ್ಸಿಗೆ ಬಂದ. ಮೈಮೇಲೆ ಗ್ರೀಸಿನ ಬಟ್ಟೆ ಹಾಗೇ ಇತ್ತು. ಅಜ್ಜಿಯ ಎದೆಯ ಮೇಲೆ ತಲೆಯಿಟ್ಟು ಅತ್ತ. ಶವಪೆಟ್ಟಿಗೆಯನ್ನು ಚರ್ಚಿಗೆ ತಂದಾಗ ಗಂಟೆಯ ಸದ್ದಿಲ್ಲದ್ದು ಅವನ ಗಮನಕ್ಕೆ ಬಂತು. ನೇರ ಹೋಗಿ ಕಾಲು ತುದಿಯಲ್ಲಿ ನಿಂತು ಮೊಳೆಯಿಂದ ಹಗ್ಗ ಬಿಚ್ಚತೊಡಗಿದ. ಅಪ್ಪ ಓಡಿ ಬಂದು ಅವನ ಕೈ ಹಿಡಿದುಕೊಂಡ.

"ಬ್ಯಾಡ ಕಣ್ಲಾ. ತೊಲೆ ಗೆದ್ದಲು ತಿಂದ್‌ಬುಟ್ಟೈತೆ. ಎಳೆದ್ರೆ ಬಿದ್ರೂ ಬೀಳ್ತದೆ."

"ಇಷ್ಟು ವರ್ಸ ನಿಂತಿತ್ತು, ಇವತ್ತೊಂದಿನ ನಿಲ್ಲಕಿಲ್ವಾ?"

"ಕೆಳಗೆ ಜನ ನಿಂತವ್ರೆ. ಮಕ್ಳು ನಿಂತವ್ರೆ."

"ಊರ್ನೋರಿಗೆಲ್ಲ ಹೊಡೆದೆ. ಹೆತ್ತವ್ವಂಗೆ ಹೊಡೆಯಕಿಲ್ಲ ಅಂತೀಯಲ್ಲಣ್ಣ!"

ಸುತ್ತ ನಿಂತವರಲ್ಲಿ ಗುಸುಗುಸು ಶುರುವಾಯಿತು. ಮೆಲ್ಲಗೆ ಒಂದೆರಡು ಸಲ ಎಳೆದರೆ ಏನಾಗುತ್ತದೆ ಎಂದು ಯಾರೋ ಅಂದರು. ಅಪ್ಪ ಹಗ್ಗಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟ. ಅಣ್ಣತಮ್ಮಂದಿರು ಅಜ್ಜಿಯ ಪೆಟ್ಟಿಗೆಯ ಎದುರಿಗೇ ಹೊಡೆದಾಡುತ್ತಾರೇನೋ ಎಂದು ನಾನು ಅಕ್ಕನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡೆ. ಚಿಕ್ಕಪ್ಪ ಬಹಳ ಹೊತ್ತು ಅಪ್ಪನನ್ನೇ ದುರುಗುಟ್ಟಿ ನೋಡಿ, ಪೆಟ್ಟಿಗೆಗೆ ಹೆಗಲು ಕೊಡಲು ಹೋದ.

ಗಂಟೆಯಿಲ್ಲದೆ ಮೆರವಣಿಗೆ ಹೊರಟಿತು. ಕಾಲ ಕೆಳಗೆ ಒಣ ಹುಣಸೆ ಸಿಪ್ಪೆ ಚುರುಕ್ ಚುರುಕ್ ಎನ್ನುವುದೂ ಕೇಳಿಸುವಷ್ಟು ಮೌನ. ಅಪ್ಪ ಎಲ್ಲರಿಗಿಂತ ಹಿಂದೆ, ಒಬ್ಬನೇ ನಡೆದ. ಮಣ್ಣು ಮಾಡಿ ಮುಗಿಸಿ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಚಿಕ್ಕಪ್ಪ ನಮ್ಮ ಮನೆಯಲ್ಲಿ ನೀರು ಸಹ ಕುಡಿಯದೆ ಬಸ್ ಹತ್ತಿದ.

ಮಾರನೆಯ ಬೆಳಿಗ್ಗೆ ಹೊಲದಜ್ಜಿ ಬಂದಳು. ಅವಳು ನಮ್ಮ ಅಜ್ಜಿಯ ಜೀವದ ಗೆಳತಿ. ಊರಾಚೆ ತನ್ನ ಹೊಲದ ಗುಡಿಸಲಲ್ಲೇ ಇರುತ್ತಿದ್ದಳು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಚಿಕ್ಕಂದಿನಿಂದ ಇಬ್ಬರೂ ಒಟ್ಟಿಗೆ ಕಳೆ ಕಿತ್ತವರು, ಒಟ್ಟಿಗೆ ಹುಣಸೆಹಣ್ಣು ಕುಟ್ಟಿದವರು. ಕೈಯಲ್ಲಿ ಬಟ್ಟೆ ಕಟ್ಟಿದ ಚೊಂಬಿತ್ತು. ಅಜ್ಜಿಗೆಂದು ತಂದ ರಾಗಿಗಂಜಿ.

"ಹೆಂಗವ್ಳೆ ನನ್ ಗೆಳತಿ?" ಎನ್ನುತ್ತ ಒಳಗೆ ಬಂದವಳು ಖಾಲಿ ಮಂಚ ನೋಡಿ ನಿಂತಳು.

ಅಕ್ಕನೇ ಹೇಳಬೇಕಾಯಿತು. ದೂರದ ಊರುಗಳಿಗೆಲ್ಲ ಜನ ಕಳಿಸಿದ್ದ ನಾವು, ಗಂಟೆ ಕೇಳಿ ಬರುತ್ತಿದ್ದ ಹತ್ತಿರದವಳನ್ನೇ ಮರೆತಿದ್ದೆವು.

ಹೊಲದಜ್ಜಿ ಚೊಂಬು ಹಿಡಿದುಕೊಂಡೇ ನೆಲಕ್ಕೆ ಕುಸಿದಳು. "ನೆನ್ನೆಯೆಲ್ಲ ಕಿವಿ ಇತ್ಲಾಗೇ ಕೊಟ್ಟಿದ್ದೆ ಕಣಪ್ಪ. ಗಂಟೆ ಕೇಳಿಸ್ಲಿಲ್ಲ. ಕೇಳಿಸ್ಲಿಲ್ಲ ಅಂದ್ರೆ ಬದುಕವ್ಳೆ ಅಂತ ಎಷ್ಟು ಖುಷಿಪಟ್ಟೆ. ಗಂಜಿ ಕುಡಿಸೋನ ಅಂತ ಬಂದೆ."

ಇಡೀ ಹಿಂದಿನ ದಿನ ಕಣ್ಣೀರು ಹಾಕದಿದ್ದ ಅಪ್ಪ ಆಗ ಅತ್ತ. ಅವಳ ಮುಂದೆ ಕುಳಿತು, ಮಗುವಿನ ಹಾಗೆ ಬಿಕ್ಕುತ್ತ, ತೊಲೆಯ ಸಂಗತಿ ಹೇಳಿದ. ತಾಯಿಗೆ ಸುಳ್ಳು ಹೇಳಿದ್ದನ್ನೂ ಹೇಳಿದ. ಅವಳು ಕೇಳಿಸಿಕೊಂಡಳು. ಅವನ ತಲೆಯ ಮೇಲೆ ಕೈಯಿಟ್ಟಳು. ನೀನು ಮಾಡಿದ್ದು ಸರಿ ಎಂದು ಹೇಳಲಿಲ್ಲ, ತಪ್ಪು ಎಂದೂ ಹೇಳಲಿಲ್ಲ. ಗಂಜಿಯನ್ನು ನನ್ನ ಕೈಗೆ ಕೊಟ್ಟು, "ನೀನಾದ್ರೂ ಕುಡಿ ಮಗ," ಎಂದಳು. ಅದು ಆರಿ ತಣ್ಣಗಾಗಿತ್ತು. ನಾನು ಪೂರ್ತಿ ಕುಡಿದೆ.

ಕೆಲವು ವಾರಗಳ ನಂತರ ಗಂಟೆಯನ್ನು ಕೆಳಗಿಳಿಸುವ ಕೆಲಸ ನಡೆಯಿತು. ಭಾರ ಎತ್ತಲು ಸರಪಣಿ, ರಾಟೆ ಬೇಕಿತ್ತು. ಅಪ್ಪ ಶಿರಾಕ್ಕೆ ಹೇಳಿ ಕಳಿಸಿದ. ಬರುತ್ತಾನೋ ಇಲ್ಲವೋ ಎಂದು ನಾವು ಅನುಮಾನಿಸಿದ್ದ ಚಿಕ್ಕಪ್ಪ ಲಾರಿಯಲ್ಲೇ ಬಂದ. ಗಂಟೆಯ ಭಾರ ಸರಪಣಿಗೆ ಬಿದ್ದ ಮೇಲೆ ಅವನೇ ಮೇಲೆ ಹತ್ತಿ ತೊಲೆಯನ್ನು ಜಗ್ಗಿದ. ತೊಲೆಯ ತುದಿ ಮುರಿದು ಅವನ ಅಂಗೈಯಲ್ಲಿ ಪುಡಿಯಾಯಿತು. ಆ ಪುಡಿಯನ್ನೇ ನೋಡುತ್ತ ನಿಂತ. ಕೆಳಗೆ ಬಂದು ಅಪ್ಪನ ಪಕ್ಕ ಕುಳಿತ. ಅಂದು ರಾತ್ರಿ ನಮ್ಮ ಮನೆಯಲ್ಲಿ ಉಂಡ. ಅಜ್ಜಿಯನ್ನು ಮಣ್ಣು ಮಾಡಿದ ದಿನದ ಮಾತನ್ನು ಮಾತ್ರ ಇಬ್ಬರೂ ಸಾಯುವವರೆಗೂ ಎತ್ತಲಿಲ್ಲ.

ಹೊಸ ತೊಲೆಗೆ ಗಂಟೆ ಕಟ್ಟಿದ ದಿನ ಅಪ್ಪ ಹೊಲದಜ್ಜಿಯನ್ನು ಕರೆಸಿ ಹಗ್ಗವನ್ನು ಅವಳ ಕೈಗೆ ಕೊಟ್ಟ. ಅವಳು ಒಂದೊಂದೇ ಪೆಟ್ಟು ಹೊಡೆದಳು. ದನಿ ಕರಗುವವರೆಗೆ ಕಾದು, ಮತ್ತೆ ಎಳೆದಳು. ಹೊಲಗಳಿಂದ ಜನ ಗಾಬರಿಯಾಗಿ ಬಂದು, ಯಾರು ಹೋದರು ಎಂದು ಕೇಳಿದರು. ಅವಳು ಅಜ್ಜಿಯ ಹೆಸರು ಹೇಳಿದಳು.

ಈಗ ನಮ್ಮ ಚರ್ಚಿನಲ್ಲಿ ಸ್ವಿಚ್ ಒತ್ತಿದರೆ ಸ್ಪೀಕರಿನಲ್ಲಿ ಗಂಟೆಯ ಸದ್ದು ಬರುತ್ತದೆ. ಕೊರಟಗೆರೆಯಲ್ಲಿ ಯಾರಾದರೂ ತೀರಿಕೊಂಡರೆ ನಿಮ್ಮ ಫೋನಿಗೆ ಆಗಲೇ ಫೋಟೊ ಸಮೇತ ಸುದ್ದಿ ಬಂದಿರುತ್ತದೆ. ಪಾವಗಡದ ನೆಂಟರು ಮಣ್ಣು ಮಾಡುವ ಮೊದಲೇ ಕಾರಿನಲ್ಲಿ ಬಂದು ಮುಟ್ಟುತ್ತಾರೆ. ಇದು ಒಳ್ಳೆಯದೇ ಮಕ್ಕಳೇ, ನಿಮ್ಮ ಕಾಲದಲ್ಲಿ ಯಾರೂ ಸತ್ತವರಿಗೆ ಊಟ ಹಿಡಿದು ಬರಬೇಕಾಗಿಲ್ಲ. ಆದರೆ ಮೊನ್ನೆ ಅಂಥದ್ದೊಂದು ಸುದ್ದಿ ಬಂದಾಗ ನೀವು ಕೈಮುಗಿಯುವ ಚಿತ್ರ ಕಳಿಸಿ ಮತ್ತೆ ಆಟಕ್ಕೆ ಕುಳಿತಿರಿ. ನಾನು ಬೈಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಅವರ ಮನೆಗೆ ಹೊರಟೆ. ಮುಂದಿನ ಸಲ ನೀವೂ ನನ್ನ ಜೊತೆ ಬನ್ನಿ.