ಸುಳ್ಳು ಮುಟ್ಟಿನ ಮೂರು ದಿನ

ಡಾಕ್ಟರಮ್ಮ ಮೊದಲು ಕೇಳಿದ್ದು ಒಂದೇ ಪ್ರಶ್ನೆ. ಕೊನೆಯ ಸಲ ಮುಟ್ಟಾಗಿದ್ದು ಯಾವತ್ತು?

ರಾಬರ್ಟ್‌ಸನ್‌ಪೇಟೆಯ ಆ ಕ್ಲಿನಿಕ್ಕಿನಲ್ಲಿ ಅತ್ತೆ ನನ್ನ ಪಕ್ಕದಲ್ಲೇ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು ಉತ್ತರ ಕೊಟ್ಟರು.

"ಓದ ಅಮಾಸೆಗೆ ಸರ್ಯಾಗಿ, ಡಾಕ್ಟ್ರಮ್ಮಾ. ಮೂರ್ ದಿನ ನಾನೇ ಆಲು ಕರ್ದು ಡೈರಿಗೆ ಆಕಿದ್ದೀನಿ."

ಡಾಕ್ಟರಮ್ಮ ಬರೆದುಕೊಂಡರು. ಅದು ಸುಳ್ಳು. ಅತ್ತೆ ಹೇಳಿದ ಸುಳ್ಳಲ್ಲ, ನಾನು ಅವರಿಗೆ ಹೇಳಿದ್ದು.

ಬಂಗಾರಪೇಟೆ ಪಕ್ಕದ ನಮ್ಮ ಊರಿನ ಮನೆಯಲ್ಲಿ ಮುಟ್ಟಾದವಳು ಮೂರು ದಿನ ಹಸುವಿನ ಕೆಚ್ಚಲಿಗೆ ಕೈ ಹಾಕುವಂತಿಲ್ಲ. ನಾನು ಶಾಲೆಯಲ್ಲಿ ಪಾಠ ಹೇಳುವವಳು. ಇದೆಲ್ಲ ಬರೀ ಮೌಢ್ಯ ಎಂದು ಹುಡುಗಿಯರಿಗೆ ಹೇಳಿ ಬಂದು, ಮನೆಯಲ್ಲಿ ತಪ್ಪದೆ ಪಾಲಿಸುವವಳು. ಬೆಳಿಗ್ಗೆ ಡೈರಿಯ ಸಾಲಿನಲ್ಲಿ ನನ್ನ ಬದಲು ಅತ್ತೆ ಹಾಲಿನ ಕ್ಯಾನು ಹಿಡಿದು ನಿಂತರೆ ಊರಿಗೆಲ್ಲ ವಿಷಯ ಗೊತ್ತಾಗುತ್ತಿತ್ತು.

ನಲವತ್ತೈದು ದಾಟಿದ ಮೇಲೆ ತಿಂಗಳು ತಪ್ಪತೊಡಗಿತು. ಒಂದು ತಿಂಗಳು ಆಗಲಿಲ್ಲ, ಎರಡನೆಯದೂ ಆಗಲಿಲ್ಲ. ಎರಡೋ ಮೂರೋ? ಎರಡು ಎಂದು ಬರೆದರೆ ವಾಕ್ಯ ಚೆನ್ನಾಗಿ ನಿಲ್ಲುತ್ತದೆ. ಅದಕ್ಕೇ ನನಗೆ ಅನುಮಾನ. ಡೈರಿಯ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಪಕ್ಕದ ಮನೆಯವಳು ಎಲ್ಲರಿಗೂ ಕೇಳುವಂತೆ ಕೇಳಿದಳು.

"ಏನ್ ಟೀಚ್ರಕ್ಕಾ, ನಿಮ್ಮತ್ತೆ ಮಕಾನೇ ಕಾಣ್ಲಿಲ್ಲ ಈ ನಡುವೆ? ಏನಾರ ವಿಸೇಸಾನಾ?"

"ಮಗಳು ಡಿಗ್ರಿ ಓದ್ತಾವ್ಳೆ ಕಣೇ. ನಂಗೆಂಥ ವಿಶೇಷ?"

"ಅಂಗಾರೆ ನಿಂತೋಯ್ತು ಅನ್ನಿ. ಬನ್ನಿ ಬನ್ನಿ, ಮುದ್ಕೀರ್ ಸಂಗಕ್ಕೆ!"

ಸಾಲೆಲ್ಲ ನಕ್ಕಿತು. ನಾನೂ ನಕ್ಕೆ. ಮರುವಾರ ಅತ್ತೆಗೆ "ಹೊರಗಾಗಿದ್ದೀನಿ" ಎಂದು ಹೇಳಿ ಮೂರು ದಿನ ಕೊಟ್ಟಿಗೆಯ ಕಡೆ ಸುಳಿಯಲಿಲ್ಲ. ಮುಂದಿನ ತಿಂಗಳೂ ಹಾಗೇ ಮಾಡಿದೆ. ಸುಳ್ಳು ಮುಟ್ಟು ನಿಜದ್ದಕ್ಕಿಂತ ಶಿಸ್ತಾಗಿ ಬರತೊಡಗಿತು.

ಮೈ ಮಾತ್ರ ಬೇರೇನೋ ಮಾಡುತ್ತಿತ್ತು. ಮೊದಲೆಲ್ಲ ತಿಂಗಳ ನಡುವೆ ಮೊಟ್ಟೆಯ ಲೋಳೆಯಂತೆ ತಿಳಿಯಾಗಿ ಹೋಗುತ್ತಿದ್ದದ್ದು ಈಗ ಹಳದಿಗೆ ತಿರುಗಿ ವಾಸನೆ ಬರುತ್ತಿತ್ತು. ಒಂದು ದಿನ ಅದರಲ್ಲಿ ಕಂದು ಗೆರೆ ಕಂಡಿತು. ಹಸುವಿನದಾದರೆ ನಮ್ಮಲ್ಲಿ ಎಲ್ಲರಿಗೂ ಗೊತ್ತು: ಗಾಜಿನಂತೆ ಇಳಿದರೆ ಬೆದೆಗೆ ಬಂದಿದೆ, ಕೀವಿನಂತಿದ್ದರೆ ಒಳಗೆ ಏನೋ ಕೆಟ್ಟಿದೆ. ಆ ಮಾತನ್ನು ಗಂಡಸರೂ ಹೆಂಗಸರೂ ಬೀದಿಯಲ್ಲಿ ನಿಂತು ಆಡುತ್ತಾರೆ. ನನ್ನದನ್ನು ನಾನು ಬಚ್ಚಲಿನಲ್ಲಿ ಒಬ್ಬಳೇ ನೋಡಿ ಬಟ್ಟೆ ಒಗೆದುಬಿಡುತ್ತಿದ್ದೆ. ಮೈಸೂರು ಮೈನ್ಸಿನ ಗಣಿ ಕಾಲೊನಿಯಲ್ಲಿದ್ದ ನನ್ನ ಚಿಕ್ಕಮ್ಮ ಬಿಳಿ ಹೋಗುವುದು ಉಷ್ಣದಿಂದ ಎಂದುಕೊಂಡು ವರ್ಷಗಟ್ಟಲೆ ಮೆಂತ್ಯ ನುಂಗಿದ್ದರು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಎಂದು ತಿಳಿಯುವಷ್ಟರಲ್ಲಿ ತಡವಾಗಿತ್ತು. ಬಸ್ಸಿನಲ್ಲಿ ಸೀಟು ಬಿಟ್ಟೇಳುವ ಮುನ್ನ ಸೀರೆಯ ಹಿಂಭಾಗವನ್ನು ಮುಟ್ಟಿ ನೋಡಿಕೊಳ್ಳುವಾಗೆಲ್ಲ ಅವರದೇ ನೆನಪು. ಅದಕ್ಕೇ ಕ್ಲಿನಿಕ್ಕಿಗೆ ಬಂದು ವಾಸನೆ, ಕಂದು ಗೆರೆ ಎರಡನ್ನೂ ಹೇಳಿದ್ದೆ.

"ತಿಂಗಳು ತಿಂಗಳು ಆಗ್ತಿದೆ ಅಂದ್ರೆ ಆ ಕಂದು ಕಲೆ ಮುಟ್ಟಿನ ಕೊನೇದೇ ಇರಬಹುದು," ಎಂದರು ಡಾಕ್ಟರಮ್ಮ. "ವಾಸನೆಗೆ ಮಾತ್ರೆ ಬರೀತೀನಿ."

ಮಾತ್ರೆ ತೆಗೆದುಕೊಂಡು ಎದ್ದು ಬರಬಹುದಿತ್ತು. ನಿಜಕ್ಕೂ ಹೆದರಿಸಿದ್ದು ಇನ್ನೊಂದು: ಅತ್ತೆ ಅಮಾವಾಸ್ಯೆ ಎಂದಾಗ ಆ ದಿನ ನನಗೆ ಹೊಟ್ಟೆ ನೋವು ಬಂದಿದ್ದೂ ನೆನಪಾಯಿತು. ಬಾರದೇ ಇದ್ದ ನೋವು, ಬಂದಿದ್ದಷ್ಟೇ ಸ್ಪಷ್ಟವಾಗಿ.

"ಅದು ಸುಳ್ಳು ಡಾಕ್ಟರೇ. ನಾಲ್ಕು ತಿಂಗಳಿಂದ ಆಗೇ ಇಲ್ಲ. ಐದೂ ಇರಬಹುದು."

ಅತ್ತೆ ನನ್ನ ಕಡೆ ತಿರುಗಿದರು. "ಏನಂದೇ? ಸೊಂಟ ಬಿದ್ದೋಗಂಗೆ ಕರ್ದಿದ್ದೀನಲ್ಲೇ! ಆ ಕೆಂದ ಅಸು ತಾವ ಒದಿಸ್ಕೊಂಡಿದ್ದೀನಿ!"

ಡಾಕ್ಟರಮ್ಮ ನಗಲಿಲ್ಲ. ಬರೆದದ್ದರ ಮೇಲೆ ಗೀಟು ಎಳೆದರು. "ಈ ವಯಸ್ಸಲ್ಲಿ ತಿಂಗಳು ತಪ್ಪೋದು ಸಾಮಾನ್ಯ ಅಮ್ಮಾ. ಆದ್ರೆ ಹೀಗೆ ನಡುವೆ ರಕ್ತ ಕಂಡ್ರೆ ಪರೀಕ್ಷೆ ಮಾಡ್ಲೇಬೇಕು. ಸ್ಕ್ಯಾನ್ ಮಾಡಿಸೋಣ. ಗರ್ಭಕೋಶದ ಬಾಯಿಂದ ಸ್ಯಾಂಪಲ್ಲೂ ತೆಗೀತೀನಿ."

ನರ್ಸು ಪರದೆ ಸರಿಸಿ "ಉಳ್ಳ ವಾಂಗಮ್ಮಾ" ಎಂದು ತಮಿಳಿನಲ್ಲಿ ಒಳಗೆ ಕರೆದಳು. ಮಂಚದ ಮೇಲೆ ಮಲಗಿದೆ. ಪರದೆಯಾಚೆ ಅತ್ತೆಯ ದನಿ ಕೇಳಿಸಿತು, ಬೈಯುವ ದನಿಯಲ್ಲ.

"ನಂಗ್ ಮುಟ್ಟು ನಿಂತು ಅದ್ನೈದ್ ವರ್ಸ ಆಯ್ತು, ಡಾಕ್ಟ್ರಮ್ಮಾ. ಮೊನ್ನೆ ಸೀರೆಗೆ ಕೆಂಪು ಅಂಟಿತ್ತು. ಆಲು ಕರೆಯೋವಾಗ ಅಸು ಒದ್ದಿದ್ದಕ್ಕೇ ಇರ್ಬೇಕು ಅನ್ಕೊಂಡೆ."

"ಮುಟ್ಟು ನಿಂತ ಮೇಲೆ ರಕ್ತ ಕಾಣಬಾರದಮ್ಮಾ," ಎಂದರು ಡಾಕ್ಟರಮ್ಮ, ಇನ್ನೊಂದು ಚೀಟಿ ಹರಿದ ಸದ್ದಾಯಿತು.

ನನ್ನ ರಿಪೋರ್ಟು ಬಂದಿದೆ. ಸೋಂಕು, ಅಷ್ಟೇ, ಮಾತ್ರೆಗೆ ಕಡಿಮೆಯಾಯಿತು. ಅತ್ತೆಯನ್ನು ಸೋಮವಾರ ಕೋಲಾರದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಎಷ್ಟು ಸಲ ಕಂಡಿತು, ಯಾವ್ಯಾವ ದಿನ ಎಂದು ಅಲ್ಲಿ ಕೇಳುತ್ತಾರಂತೆ. ನಾನು ಕಾಗದ ಹಿಡಿದು ಕೇಳುತ್ತಲೇ ಇದ್ದೇನೆ. ಒಮ್ಮೆ ಎರಡು ಸಲ ಎನ್ನುತ್ತಾರೆ, ಒಮ್ಮೆ ಯುಗಾದಿಯಿಂದಲೇ ಎನ್ನುತ್ತಾರೆ. ಯಾವುದನ್ನೂ ಹೊಡೆದುಹಾಕದೆ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದೇನೆ.