ಉಡಿ ತುಂಬಿಸಿಕೊಂಡ ಬೋಧಿಸತ್ವ

ಭಾಲ್ಕಿಯ ನಮ್ಮ ಮನೆಯ ದೇವರ ಜಗಲಿಯ ಮೇಲೆ ಗೇಣಿಗಿಂತ ಚಿಕ್ಕದೊಂದು ಕಂಚಿನ ಮೂರ್ತಿ ಇತ್ತು. ಮುತ್ತಜ್ಜ ಹೊಲ ಹೂಡುವಾಗ ಸಿಕ್ಕಿದ್ದಂತೆ. ಕೈಯಲ್ಲಿ ಕಮಲ ಕಂಡದ್ದೇ ತಡ, ಎಲ್ಲರೂ ಸೇರಿ ಲಕ್ಷ್ಮಿ ಅಂದುಬಿಟ್ಟರು. ಇನ್ನೇನು, ಖಣದ ತುಂಡಿನ ಸೀರೆ, ಕರಿಮಣಿ, ಹಣೆಗೆ ಕುಂಕುಮ. ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಮೈಯೆಲ್ಲ ಸವೆದಿತ್ತು. ಗಂಡೋ ಹೆಣ್ಣೋ ಎಂದು ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ.

ನಿಜಾಮರ ಆಳ್ವಿಕೆಯ ಕೊನೆಯ ಗದ್ದಲದಲ್ಲಿ, ಔರಾದಿನಲ್ಲಿದ್ದ ತಮ್ಮ ತಂಗಿಯನ್ನು ಕರೆತರುತ್ತೇನೆಂದು ಅಪ್ಪ ಹೊರಟರು. ಅತ್ತೆ ಬೇರೆಯವರ ಜೊತೆ ಬಂದು ಮನೆ ಮುಟ್ಟಿದಳು. ಅಪ್ಪ ಔರಾದನ್ನು ಮುಟ್ಟಿರಲೇ ಇಲ್ಲ. ಭಾರತದ ಸೈನ್ಯ ಬಂದು ಪೋಲೀಸ್ ಆಕ್ಷನ್ ಆಯಿತು, ಊರಲ್ಲಿ ಬಾವುಟ ಏರಿತು, ಬೀದರಿನ ಜೈಲಿನಿಂದ ಯಾರ್ಯಾರೋ ಬಿಡುಗಡೆಯಾಗಿ ಬಂದರು. ಅವ್ವ ಒಬ್ಬೊಬ್ಬರನ್ನೂ ಕೇಳಿದಳು. ಅಪ್ಪನನ್ನು ಯಾರೂ ಕಂಡಿರಲಿಲ್ಲ.

ಆಗ ಅವ್ವ ಹರಕೆ ಹೊತ್ತಳು: ಗಂಡ ಬರುವವರೆಗೆ ಶುಕ್ರವಾರ ಶುಕ್ರವಾರ, ಮುತ್ತೈದೆಗೆ ತುಂಬುವಂತೆ, ಲಕ್ಷ್ಮಿಗೆ ಉಡಿ ತುಂಬುವುದು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಬೇರು, ಹಸಿರು ಬಳೆ. ಅವ್ವನನ್ನು ಕುಂಕುಮಕ್ಕೆ ಕರೆಯಬೇಕೋ ಬೇಡವೋ ತಿಳಿಯದೆ ಓಣಿಯ ಹೆಂಗಸರು ನಮ್ಮ ಬಾಗಿಲಲ್ಲಿ ತಡವರಿಸುತ್ತಿದ್ದರು. ಇನ್ನಾದರೂ ಬಳೆ ತೆಗೆ ಎಂದು ನೆಂಟರು ಬಾಯಿ ತೆರೆದರೆ, "ಹೆಣಾ ನೋಡೀರೇನ್ರಿ ನೀವು?" ಎಂದು ಅವ್ವ ಎಗರಿ ಬೀಳುತ್ತಿದ್ದಳು. ಹೀಗೇ ವರ್ಷಗಳು ಹೋದವು. ನನಗಂತೂ ಶುಕ್ರವಾರ ಬಂತೆಂದರೆ ಬೇಸರ. ಅಯ್ಯೋ, ಆ ದೇವರಿಗಾದರೂ ಸಾಕಾಗಬಾರದೇ ಅನಿಸುತ್ತಿತ್ತು.

ಹೈದರಾಬಾದ್ ರಾಜ್ಯ ಒಡೆದು ನಮ್ಮನ್ನು ಮೈಸೂರಿಗೆ ಸೇರಿಸುವ ಮಾತು ನಡೆದಿತ್ತು. ಸಾಲೆಯಲ್ಲಿ ಮಾಸ್ತರನಾಗಿದ್ದ ಸೋದರಮಾವ ಔರಂಗಾಬಾದಿನ ಗುಹೆಗಳನ್ನು ನೋಡಿಕೊಂಡು ನಮ್ಮ ಮನೆಗೆ ಬಂದ. ಅಂದು ಶುಕ್ರವಾರ. ಅವ್ವ ಮೂರ್ತಿಗೆ ಸ್ನಾನ ಮಾಡಿಸುತ್ತಿದ್ದಳು, ಸೀರೆ ಪಕ್ಕದಲ್ಲಿತ್ತು. ಮಾವ ಮೂರ್ತಿಯನ್ನು ಎತ್ತಿ ಬೆಳಕಿಗೆ ಹಿಡಿದ.

"ಅಕ್ಕಾ, ಇದು ಲಕ್ಷ್ಮಿ ಅಲ್ಲ. ಗಂಡು ಮೂರ್ತಿ. ಬುದ್ಧನ ಮಂದಿ ಬೋಧಿಸತ್ವ ಅಂತಾರ. ಅಲ್ಲಿ ಗವಿಯೊಳಗ ಹಿಂಗೇ ಕಮಲ ಹಿಡ್ಕೊಂಡು ನಿಂತಾನ."

ನನಗೆ ನಗು ತಡೆಯಲಾಗಲಿಲ್ಲ. ಗಂಡಸಿಗೆ ಕರಿಮಣಿ! ಆದರೆ ಅವ್ವನ ಮುಖ ನೋಡಿದ್ದೇ ನಗು ಅಲ್ಲೇ ನಿಂತಿತು.

"ಇಷ್ಟು ವರ್ಷ ಗಂಡಸಿಗೆ ಉಡಿ ತುಂಬಿದೆನೇನೋ ತಮ್ಮಾ? ಅದಕ್ಕೇ ಅವರು ಬರಲಿಲ್ಲೇನು?"

"ಹಂಗಲ್ಲ ಅಕ್ಕಾ. ಇವ ಸಿಟ್ಟಾಗೋ ದೇವರಲ್ಲ. ತನಗ ಮುಕ್ತಿ ಸಿಗೋದಿದ್ರೂ ಒಲ್ಲೆ ಅಂದಾನಂತ. ಎಲ್ಲಾರೂ ಈ ಭವ ದಾಟೋತನಕ ತಾನು ಕಾಯ್ತಾನಂತ."

ಅವ್ವ ಮೂರ್ತಿಯನ್ನು ಅವನ ಕೈಯಿಂದ ಇಸಿದುಕೊಂಡಳು. ಸೆರಗಿನಿಂದ ಅದರ ಒದ್ದೆ ಮೈ ಒರೆಸಿದಳು. ಸೀರೆ ಉಡಿಸಲಿಲ್ಲ.

"ಎಲ್ಲಾರ ಸಲುವಾಗಿ ಅಂದ್ರ, ಅವರ ಸಲುವಾಗೂ ಕಾಯ್ತಾನ, ಹೌದಿಲ್ಲೋ?"

"ಹೌದು ಅಕ್ಕಾ."

"ಹಂಗಾದ್ರ ಇನ್ನ ಇವನೇ ಕಾಯಲಿ. ನನಗ ಸಾಕಾಗೇದ."

ಮೂರ್ತಿಯನ್ನು ಜಗಲಿಯ ಮೇಲಿಟ್ಟು, ಗೋಡೆಗೆ ಒರಗಿ ಕಾಲು ಚಾಚಿ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ಅವ್ವ ನನ್ನನ್ನು ಹತ್ತಿರ ಕರೆದು, ನನ್ನ ಕೂದಲು ಸರಿಮಾಡುತ್ತ, ಅಲ್ಲಿಯವರೆಗೆ ಯಾರಿಗೂ ಆಡಗೊಡದಿದ್ದ ಮಾತನ್ನು ತಾನೇ ಆಡಿದಳು: "ನಿಮ್ಮಪ್ಪ ಬರಂಗಿಲ್ಲವ್ವಾ."