ಒಂದೇ ದಾರದಲ್ಲಿ ಕಟ್ಟಿದ ಎರಡು ಚಾವಿ

ನಳದ ನೀರು ಬಂದು ಅರ್ಧ ತಾಸಾಗಿತ್ತು. ಸಪ್ತಾಪುರದ ನಮ್ಮ ಓಣಿಗೆ ವಾರಕ್ಕೊಮ್ಮೆ ನೀರು. ಅವತ್ತು ಆಸ್ಪತ್ರೆಗೆ ಹೋಗುವುದಿತ್ತು, ನೀರೂ ಬೇಕಿತ್ತು; ಬೆಳಿಗ್ಗೆ ಏಳಕ್ಕೇ ಬಿಟ್ಟಿದ್ದು ಶಿವನ ದಯೆ ಅಂದುಕೊಂಡೆ. ಮೂರನೆಯ ಕೊಡವನ್ನು ಹಂಡೆಗೆ ಸುರಿಯುತ್ತಿದ್ದಾಗ ನಮ್ಮ ಮನೆಯವರು ಅಂಗಳದಿಂದ ಬಂದು ಬಾಗಿಲಲ್ಲಿ ನಿಂತರು.

"ಗಾಡಿ ಸತ್ತೈತಿ. ರಿಮೋಟ್ ಒತ್ತಿದ್ರ ಮಿಣಕ್ ಅನ್ನವಲ್ದು. ಬ್ಯಾಟರಿ ಪೂರಾ ಖಾಲಿ."

"ಸಾವಕಾಶ ಮಾತಾಡ್ರಿ. ಅತ್ತಿ ಕೇಳಿಸ್ಕೊಂಡಾರು."

ಅತ್ತೆ ದೇವರ ಕೋಣೆಯಲ್ಲಿ ಪೂಜೆಗೆ ಕೂತಿದ್ದರು. ಅವರ ಎಡಗಣ್ಣು ಹೋಗಿ ಬಹಳ ವರ್ಷಗಳಾಗಿದ್ದವು. ಉಳಿದ ಬಲಗಣ್ಣಿನ ಪೊರೆ ಬಲಿತು ಒಳಗೆ ಒತ್ತಡ ಏರುತ್ತಿದೆ, ಇನ್ನು ತಡ ಮಾಡಿದರೆ ಅದೂ ಉಳಿಯುವುದಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿಬಿಟ್ಟಿದ್ದರು. "ನಾನ ಕರ್ಕೊಂಡು ಹೋಗಿ ನಿನ್ನ ಕಣ್ಣು ಮಾಡಿಸ್ಕೊಂಡು ಬರ್ತೇನಿ" ಎಂದು ಮಾವನವರು ಅತ್ತೆಗೆ ಮಾತು ಕೊಟ್ಟಿದ್ದರು. ಅಷ್ಟರಲ್ಲಿ ಅವರೇ ಲಿಂಗೈಕ್ಯರಾದರು. ಆಮೇಲೆ ಎರಡು ತಿಂಗಳು ಅತ್ತೆ ಆಪರೇಷನ್ ಮಾತೆತ್ತಿದರೆ ಮುಖ ತಿರುಗಿಸುತ್ತಿದ್ದರು. ಕಡೆಗೆ ಒಪ್ಪಿದ್ದು ಒಂದೇ ಮಾತಿನ ಮೇಲೆ: "ಅವರ ಗಾಡ್ಯಾಗ ಆದ್ರ ಬರ್ತೇನಿ. ಇಲ್ಲಂದ್ರ ಇಲ್ಲ."

ಮಾವನವರ ಆ ಕಾರನ್ನು ಎರಡು ತಿಂಗಳಿಂದ ಯಾರೂ ಮುಟ್ಟಿರಲಿಲ್ಲ. ಅದರ ಬಾಗಿಲಿಗೆ ತುಳಸಿ ಎಲೆಗಳು ಉದುರಿ ಅಂಟಿಕೊಂಡಿದ್ದವು. ಹತ್ತೂವರೆಗೆ ನಾವು ಹುಬ್ಬಳ್ಳಿಯಲ್ಲಿರಬೇಕಿತ್ತು.

ಓಣಿಯ ತುದಿಯ ಮೆಕ್ಯಾನಿಕ್ ಆಗಷ್ಟೇ ಶಟರ್ ಎತ್ತುತ್ತಿದ್ದರಂತೆ, ಕರೆದ ಕೂಡಲೇ ಬಂದರು. ಅದೂ ದಯೆಯೇ. ಚಾವಿ ತಿರುವಿ ಬಾಗಿಲು ತೆರೆದರು. ಮನೆಯವರು ಒಳಗೆ ಚಾವಿ ಹಾಕಿ ಒಂದು ಸುತ್ತು ತಿರುವಿಟ್ಟು, ಇಳಿದು ಬಂದು ಬಾನೆಟ್ಟಿನ ಹತ್ತಿರ ನಿಂತರು. ಮೆಕ್ಯಾನಿಕ್ ತಾವು ತಂದ ಬ್ಯಾಟರಿಯ ವೈರನ್ನು ನಮ್ಮ ಬ್ಯಾಟರಿಗೆ ತಾಗಿಸಿದರು.

ಗಾಡಿ ಚೀರಿತು. ಹಾರ್ನ್ ಒಂದೇ ಸಮನೆ ಹೊಡೆದುಕೊಳ್ಳತೊಡಗಿತು, ನಾಲ್ಕೂ ಮೂಲೆಯ ಹಳದಿ ದೀಪಗಳು ಹತ್ತಿ ಆರಿದವು. ಅದರ ನಡುವೆ ವೈಪರ್ ಎದ್ದಿತು. ಮಳೆಯಿಲ್ಲ, ನೀರಿಲ್ಲ. ಒಣ ಗಾಜಿನ ಮೇಲೆ ಕರಕರ ಎಳೆದುಕೊಂಡು ಅತ್ತ ಹೋಯಿತು, ಇತ್ತ ಬಂತು. ಎರಡು ತಿಂಗಳ ಧೂಳು ಸರಿದು ಗಾಜಿನಲ್ಲಿ ಕಿಂಡಿ ಮೂಡಿತು. ಕಿಂಡಿಯಾಚೆ ಮಾವನವರು ತಮ್ಮ ಕಾಲಿಗೆ ತಕ್ಕಂತೆ ಮುಂದೆ ಎಳೆದುಕೊಂಡಿದ್ದ ಸೀಟು. ಕಡೆಯ ಸಲ ಅವರು ಜೋರು ಮಳೆಯಲ್ಲಿ ಬಂದಿದ್ದರು, ವೈಪರಿನ ಸ್ವಿಚ್ಚನ್ನು ಹಾಗೇ ಬಿಟ್ಟು ಇಳಿದಿದ್ದರು ಎಂದು ಈಗ ನಾನು ಬರೆಯಬಲ್ಲೆ. ಆಗ ಅದು ಹೊಳೆಯಲಿಲ್ಲ.

ಹಿಂದಿನಿಂದ ಅತ್ತೆಯ ದನಿ ಬಂತು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದರು.

"ಯಾರ ಕುಂತಾರ ಒಳಗ?"

ನಾವು ಮೂವರೂ ಹೊರಗೆ ನಿಂತಿದ್ದೆವು.

ಮನೆಯವರು ಲಗುಬಗೆಯಿಂದ ಹೋಗಿ ಚಾವಿ ತೆಗೆದು ರಿಮೋಟ್ ಒತ್ತಿದ ಮೇಲೆ ಹಾರ್ನ್ ನಿಂತಿತು. ವೈಪರಿನ ಸ್ವಿಚ್ ಆರಿಸಿ, ತಾವೇ ಕೂತು ಗಾಡಿ ಚಾಲೂ ಮಾಡಿದರು. ಇಂಜಿನ್ ಒಂದು ಉಸಿರು ಎಳೆದುಕೊಂಡು ಸುಮ್ಮನಾಯಿತು. ಮತ್ತೊಮ್ಮೆ ಮಾಡಿದರು, ಅಷ್ಟೇ. ಮೂರನೆಯ ಸಲವೂ ಹಾಗೇ. ಪ್ರತಿ ಸಲ ಸ್ಟೇರಿಂಗಿನ ಹಿಂದೆ ಚಾವಿಯ ಆಕಾರದ ಒಂದು ಸಣ್ಣ ಕೆಂಪು ದೀಪ ಕಣ್ಣು ಮಿಟುಕಿಸಿದಂತೆ ಹತ್ತಿ ಆರುತ್ತಿತ್ತು.

"ಇಂಜಿನ್ ಛಲೋ ಐತ್ರಿ," ಅಂದರು ಮೆಕ್ಯಾನಿಕ್. "ಚಾವಿ ಗುರ್ತ ಹಿಡಿವಲ್ದು. ಕಳ್ಳರು ಬಂದಾರಂತ ತಿಳದು ಇಂಜಿನ್ ತಾನ ಬಂದ್ ಮಾಡ್ಕೊಳ್ಳಾಕತ್ತೈತಿ."

"ಹೆತ್ತ ಮಗನ್ನ ಕಳ್ಳ ಅಂತೈತೇನು?" ಅತ್ತೆ ಕಟ್ಟೆಯ ಮೇಲೆ ಕೂತುಬಿಟ್ಟರು. ಹೊರಡಲೆಂದು ಹೊದ್ದ ಶಾಲು ತೆಗೆದು ತೊಡೆಯ ಮೇಲೆ ಮಡಚಿಟ್ಟುಕೊಂಡರು. "ತಿಳೀತು ಬಿಡು. ಅವರಿಗೆ ಮನಸ್ಸಿಲ್ಲ. ಬ್ಯಾಡ ಅನ್ನಾಕತ್ತಾರ. ದವಾಖಾನಿಗೆ ಫೋನ್ ಹಚ್ಚಿ ಬರಂಗಿಲ್ಲಂತ ಹೇಳು."

"ಅವ್ವಾ, ಅದು ಮಷೀನು. ಅದಕ್ಕೇನ್ ತಿಳೀತೈತಿ?"

"ಮತ್ತ ಈಗ ಒದರಿದವರು ಯಾರಪಾ?"

"ಟ್ಯಾಕ್ಸಿ ತರಸ್ತೇನಿ, ಏಳು."

"ತರಸು. ಅದ್ರಾಗ ನೀನ ಹೋಗು. ನಿನ್ನ ಕಣ್ಣು ತೋರಿಸ್ಕೊಂಡು ಬಾ."

ಮನೆಯವರು ನನ್ನ ಕಡೆ ನೋಡಿದರು. ಪಂಚಾಕ್ಷರಿ ಹೇಳಿಕೊಳ್ಳುತ್ತ ನಿಂತಿದ್ದೆ, ಅದೂ ನಡುನಡುವೆ ತಪ್ಪುತ್ತಿತ್ತು. ಒಂದು ಕಡೆ ಆ ಒಂದೇ ಕಣ್ಣು. ಇನ್ನೊಂದು ಕಡೆ, ಅತ್ತೆ ಅಂದದ್ದು ಸುಳ್ಳು ಎನ್ನಲು ನನ್ನ ನಾಲಿಗೆಯೇ ಏಳುತ್ತಿರಲಿಲ್ಲ.

ಅಷ್ಟರಲ್ಲಿ ಮೆಕ್ಯಾನಿಕ್ ಒಳಗೆ ಬಗ್ಗಿ ಚಾವಿ ಎಳೆದುಕೊಂಡು, ಅದರ ಜೊತೆ ಕಟ್ಟಿದ್ದ ಇನ್ನೊಂದನ್ನೂ ಅಂಗೈ ಮೇಲೆ ಇಟ್ಟು ನೋಡಿದರು. "ವೈನಿ, ಇವೆರಡೂ ಇದ ಗಾಡೀವೇನ್ರಿ?"

"ಹೌದ್ರಿ. ಒಂದು ಮಾವನವರದು, ಒಂದು ಕಪಾಟಿನಾಗ ಇದ್ದಿದ್ದು."

"ಕೂಡಿ ಕಟ್ಟಿದವರು ಯಾರು?"

ಕಟ್ಟಿದವಳು ನಾನೇ. ಮಾವನವರು ಹೋದ ಮೇಲೆ ಮಾಡಿದ ಗಣಾರಾಧನೆಯ ದಿನ ಅವರ ಸಾಮಾನು ಚೆಲ್ಲಾಪಿಲ್ಲಿ ಆಗಬಾರದೆಂದು ಎರಡೂ ಚಾವಿಗಳನ್ನು ಕೆಂಪು ದಾರದಿಂದ ಬಿಗಿಯಾಗಿ ಸುತ್ತಿ, ಗಂಟು ಹಾಕಿ, ವಿಭೂತಿ ಹಚ್ಚಿ ದೇವರ ಮುಂದೆ ಇಟ್ಟಿದ್ದೆ. ಭಕ್ತಿಯಿಂದ ಮಾಡಿದ್ದು.

"ಚಾವ್ಯಾಗ ಒಂದು ಸಣ್ಣ ಚಿಪ್ ಇರ್ತೈತ್ರಿ. ಎರಡೂ ಒಂದ ಕಡೆ ಇದ್ರ ಎರಡೂ ಕೂಡೇ ಮಾತಾಡ್ತಾವು, ಗಾಡಿಗೆ ಯಾವದೂ ತಿಳಿಯಂಗಿಲ್ಲ. ಬಿಚ್ಚಿ ಒಂದನ್ನ ದೂರ ಒಯ್ರಿ. ಹತ್ತು ನಿಮಿಷ ಬಿಟ್ಟು ನೋಡೂಣು."

ನಾನು ಕತ್ತರಿ ತರಲು ತಿರುಗಿದೆ.

"ಕತ್ತರಿ ಬ್ಯಾಡ." ಅತ್ತೆ ಕೈ ಚಾಚಿದರು. "ಇಲ್ಲಿ ಕೊಡು."

ಗಂಟು ಅವರಿಗೆ ಕಾಣುತ್ತಿರಲಿಲ್ಲ. ಉಗುರಿನಿಂದ ತಡವಿ ತಡವಿ ಒಂದೊಂದೇ ಎಳೆ ಸಡಿಲಿಸಿದರು. ಎಷ್ಟು ಹೊತ್ತಾಯಿತೋ. ಒಳಗೆ ನಳದ ಕೆಳಗಿನ ಕೊಡ ತುಂಬಿ ಹರಿಯುವುದು ಕೇಳುತ್ತಿದ್ದರೂ ನಾನು ಕದಲಲಿಲ್ಲ. ದಾರ ಬಿಚ್ಚಿದ ಮೇಲೆ ಎರಡೂ ಚಾವಿಯ ಮೇಲೆ ಹೆಬ್ಬೆರಳು ಆಡಿಸಿದರು. ಒಂದರ ಗುಂಡಿ ಸವೆದು ನುಣ್ಣಗಾಗಿತ್ತು. ಅದರ ಮೇಲೆ ಬೆರಳು ನಿಂತಿತು.

"ಇದು ಅವರದು," ಅಂದು ಅದನ್ನು ನನ್ನ ಕೈಗಿಟ್ಟರು. "ಒಳಗ ಒಯ್ಯಿ. ಅವರು ಮನ್ಯಾಗ ಇರ್ಲಿ." ಇನ್ನೊಂದನ್ನು ಮಗನ ಕಡೆ ಚಾಚಿದರು. "ಈಗ ಹಚ್ಚು. ಇದರ ಮ್ಯಾಲೂ ಒದರಿದ್ರ ನನ್ನ ಕೇಳಬ್ಯಾಡ."

ಚಾವಿ ಬೆಚ್ಚಗಿತ್ತು. ಅತ್ತೆಯ ಅಂಗೈಯ ಬಿಸಿ ಎಂದು ನನಗೆ ನಾನೇ ಹೇಳಿಕೊಂಡೆ. ಪಡಸಾಲೆ ದಾಟುವಾಗ ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರ ಯಾರೋ ಜೊತೆಗೆ ನಡೆದು ಬರುತ್ತಿದ್ದಂತೆ ಅನಿಸಿತು. ತಿರುಗಿ ನೋಡಲಿಲ್ಲ. ಹಾದಿಯಲ್ಲೇ ನಳ ಬಂದ್ ಮಾಡಿ, ದೇವರ ಕೋಣೆಗೆ ಹೋಗಿ ಚಾವಿಯನ್ನು ಇಟ್ಟು, "ಅವರನ್ನ ಕಳಸ್ರಿ, ಮಾವಾ" ಅಂದೆ. ಬಾಯಿ ಬಿಟ್ಟೇ ಅಂದೆ. ಗೋಡೆ ಗಡಿಯಾರದ ಸದ್ದು ಕೇಳುತ್ತ ಅಲ್ಲೇ ಕೂತೆ.

ಬಹಳ ಹೊತ್ತಿನ ಮೇಲೆ ಹೊರಗೆ ಇಂಜಿನ್ ಹತ್ತಿತು, ನಿಲ್ಲಲಿಲ್ಲ.

ನಾನು ಹೊರಗೆ ಬರುವಷ್ಟರಲ್ಲಿ ಅತ್ತೆ ಶಾಲು ಹೊದ್ದು ಮುಂದಿನ ಸೀಟಿನಲ್ಲಿ ಕೂತಿದ್ದರು. ಮೆಕ್ಯಾನಿಕ್ ವೈರು ಸುತ್ತಿಕೊಳ್ಳುತ್ತ, "ಹುಬ್ಬಳ್ಳಿ ಮುಟ್ಟೂತನಕ ಬಂದ್ ಮಾಡಬ್ಯಾಡ್ರಿ ಸರ," ಎಂದು ಮನೆಯವರಿಗೆ ಹೇಳುತ್ತಿದ್ದರು. ಆಸ್ಪತ್ರೆಯಲ್ಲಿ ಜೊತೆಗೆ ಒಬ್ಬರನ್ನೇ ಬಿಡುತ್ತಿದ್ದರಿಂದ ನಾನು ಉಳಿದೆ. ಗಾಡಿ ಓಣಿ ತಿರುಗುವವರೆಗೂ ಅತ್ತೆ ಮುಖವನ್ನು ನಮ್ಮ ಬಾಗಿಲ ಕಡೆಗೇ ಇಟ್ಟುಕೊಂಡಿದ್ದರು. ಅಷ್ಟು ದೂರದಿಂದ ಅವರಿಗೆ ನಾನು ಕಾಣುವುದಿಲ್ಲ. ಆದರೂ ನನ್ನ ಪಕ್ಕಕ್ಕೆ, ಸ್ವಲ್ಪ ಮೇಲಕ್ಕೆ ನೋಡಿ ತಲೆಯಾಡಿಸಿದರು.

ಹನ್ನೊಂದಕ್ಕೆ ಫೋನು ಬಂತು. "ಒಳಗ ಕರ್ಕೊಂಡು ಹೋದ್ರು. ಅವ್ವ ಚಕಾರ ಎತ್ತಲಿಲ್ಲ," ಅಂದರು ಮನೆಯವರು. ಕೈ ಮುಗಿದೆ.

ಆಪರೇಷನ್ ಆದ ಕಣ್ಣಿಗೆ ಧೂಳು ತಾಗಬಾರದು ಎಂದು ಡಾಕ್ಟರು ಹೇಳಿದ್ದರು. ಅತ್ತೆಯ ದಿಂಬಿನ ಗವಸು ಕಳಚಿ, ಬಿಸಿನೀರಿಗೆ ಸಾಬೂನಿನ ಪುಡಿ ಹಾಕಿ, ನೆನೆಸಲು ಕೂತೆ.